ರೂಪೇಶನ ತಲೆಗೆ ಮೀನೆಣ್ಣೆ

ಕುಲಶೇಖರದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರ್ ರೂಪೇಶನ ಸುದ್ದಿ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಂಪನಕಟ್ಟೆಯ ಮೆಡಿಕಲ್ ಶಾಪಿನಲ್ಲಿ ನನ್ನ ಕೆಲಸ. ಹನ್ನೊಂದು ವರ್ಷದಿಂದ ಅದೇ ಬಸ್ಸು, ಅದೇ ರೂಪೇಶ. ಯಾರು ಎಲ್ಲಿ ಹತ್ತಿದರು, ಯಾರು ಎಲ್ಲಿ ಇಳಿಯಬೇಕು ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ನಿದ್ದೆ ತೂಗುವವರನ್ನು ಅವರವರ ಸ್ಟಾಪಿನಲ್ಲಿ ತಟ್ಟಿ ಎಬ್ಬಿಸುತ್ತಿದ್ದ.

ಅಂಥ ತಲೆಗೇ ಪೆಟ್ಟು ಬಿತ್ತು. ನಂತೂರಿನಲ್ಲಿ ಸ್ಕೂಟರೊಂದು ಅಡ್ಡ ಬಂದು, ಡ್ರೈವರ್ ಶೈಲೇಶ ಬ್ರೇಕ್ ಒತ್ತಿದಾಗ, ಫುಟ್‌ಬೋರ್ಡಿನಲ್ಲಿದ್ದ ರೂಪೇಶನ ತಲೆ ಬಾಗಿಲಿನ ಕಬ್ಬಿಣಕ್ಕೆ ಬಡಿಯಿತು. ರಕ್ತ ಬರಲಿಲ್ಲ. ಎರಡು ಸಲ ವಾಂತಿಯಾಯಿತು. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ತಲೆನೋವು ಪೂರ್ತಿ ಹೋಗುವವರೆಗೆ ಬಸ್ಸು ಹತ್ತಬೇಡ, ಅಷ್ಟರೊಳಗೆ ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು.

ಐದನೇ ದಿನ ನೋಡಿದರೆ ಈ ಪುಣ್ಯಾತ್ಮ ವಿಸಿಲ್ ಊದುತ್ತ ನಿಂತಿದ್ದಾನೆ!

"ತಲೆನೋವು ಹೋಯಿತಾ?" ಎಂದು ಕೇಳಿದೆ.

"ಸ್ವಲ್ಪ ಉಂಟು ಉಮಕ್ಕ. ಭಾವ ದುಬೈಯಿಂದ ಮೀನೆಣ್ಣೆ ಮಾತ್ರೆ ತಂದಿದ್ದಾರೆ. ದಿನಕ್ಕೆ ಆರು ತಿಂತೇನೆ. ಇನ್ನು ಪೆಟ್ಟು ಬಿದ್ದರೂ ಮಿದುಳಿಗೆ ಎಂತದೂ ಆಗುವುದಿಲ್ಲವಂತೆ."

ದಿನಾ ಬೂತಾಯಿ ಸಾರು ಉಣ್ಣುವ ಊರಿನವನಿಗೆ ಅದೇ ಮೀನಿನ ಎಣ್ಣೆ ಸಮುದ್ರ ದಾಟಿ ಬಾಟ್ಲಿಯಲ್ಲಿ ಬಂದರೆ ಮದ್ದು! ನನಗೆ ತಡೆಯಲಾಗಲಿಲ್ಲ.

"ಅದು ಹೆಲ್ಮೆಟ್ ಅಲ್ಲ ಮಾರಾಯ. ಪೆಟ್ಟು ತಾಳುವುದಕ್ಕೆ ಇಂಥದ್ದು ಸಹಾಯ ಮಾಡ್ತದಾ ಅಂತ ವಿಜ್ಞಾನಿಗಳು ಇನ್ನೂ ಪರೀಕ್ಷೆ ಮಾಡಿ ನೋಡ್ತಾ ಇದ್ದಾರೆ, ಅಷ್ಟೇ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಗಟ್ಟಿಯಾಗಿಲ್ಲ. ಮನೆಗೆ ಹೋಗಿ ಮಲಗು."

"ಮಲಗಿದರೆ ಬದಲಿಯವನು ಹತ್ತುತ್ತಾನೆ ಅಕ್ಕ. ಅವನ ಕೈಗೆ ಬಸ್ಸು ಕುದುರಿದರೆ ಧಣಿಗಳು ಮತ್ತೆ ನನ್ನನ್ನು ಕರೆಯುತ್ತಾರಾ?"

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಸಿಟಿ ಬಸ್ಸುಗಳಲ್ಲಿ ನಾಲ್ಕು ದಿನಕ್ಕೆಂದು ಹತ್ತಿದ ಬದಲಿ ಕಂಡಕ್ಟರ್ ಅಲ್ಲೇ ಖಾಯಂ ಆದದ್ದನ್ನು ನಾನೇ ಕಂಡಿದ್ದೇನೆ. ಆದರೂ ದಿನಾ ಬೈದೆ. ಅವನು ದಿನಾ ನಕ್ಕ. ಒಂದು ದಿನ ನನ್ನ ಹತ್ತಿರ ಎರಡು ಸಲ ಟಿಕೆಟ್ ಕೇಳಿದ. ಮರುದಿನ ಕದ್ರಿಯಲ್ಲಿ ಇಳಿಯುವವರನ್ನು ಬಿಕರ್ನಕಟ್ಟೆಯಲ್ಲೇ ಎಬ್ಬಿಸಿದ. ಜನ ತಮಾಷೆ ಮಾಡಿದರು. "ಮಾತ್ರೆ ಎಂಟು ಮಾಡು" ಎಂದು ಒಬ್ಬರು ಉಪದೇಶ ಕೊಟ್ಟರು. ಇನ್ನೊಬ್ಬರು ಜಿಮ್ಮಿನ ಪುಡಿಯ ಹೆಸರು ಹೇಳಿದರು. ಸುಮ್ಮನೆ ಮಲಗು ಎನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅದಕ್ಕೆ ಬಾಟ್ಲಿಯಿಲ್ಲ, ಲೇಬಲ್ಲಿಲ್ಲ, ಹಾಗಾಗಿ ಬೆಲೆಯೂ ಇಲ್ಲ.

ಹತ್ತನೇ ದಿನ ಬೆಂದೂರ್‌ವೆಲ್ಲಿನಲ್ಲಿ ಬೀಫಾತಿಮ್ಮ ಎಂಬ ವಯಸ್ಸಾದ ಹೆಂಗಸು ಇಳಿಯುತ್ತಿದ್ದರು. ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಎದುರಿಗೇ ನಿಂತಿದ್ದ ರೂಪೇಶ ವಿಸಿಲ್ ಊದಿದ. ಬಸ್ಸು ಚಲಿಸಿತು. ನಾನು ಕಿರುಚಿ ಅವರ ರಟ್ಟೆ ಹಿಡಿದೆ. ಶೈಲೇಶ ಬ್ರೇಕ್ ಹಾಕಿದ. ಬೀಫಾತಿಮ್ಮ ಬೀಳಲಿಲ್ಲ.

ಬಸ್ಸಿಡೀ ಅವನ ಮೇಲೆ ಹರಿಹಾಯ್ದಿತು. "ನಿನಗೆ ಕಣ್ಣು ಕಾಣುವುದಿಲ್ಲವಾ?" ಎಂದು ಯಾರೋ ಗದರಿದರು. ನನ್ನ ನಾಲಗೆಯ ತುದಿಯಲ್ಲೂ ಬೈಗುಳ ಇತ್ತು. ಅವನ ಮುಖ ನೋಡಿದ ಮೇಲೆ ಅದು ಹೊರಗೆ ಬರಲಿಲ್ಲ. ಅವನು ತೀರಾ ಹೆದರಿದ್ದ.

"ಅವರು ಇಳಿದು ಆಗಿತ್ತಲ್ಲ ಉಮಕ್ಕ? ನಾನು ಕಂಡಿದ್ದೇನೆ, ಇಳಿದು ಆಗಿತ್ತು" ಎಂದ.

ನಾನು ತಲೆಯಾಡಿಸಿದೆ. ಇಲ್ಲ, ಇಳಿದಿರಲಿಲ್ಲ.

ಅವನು ಒಂದು ಕೈಯಲ್ಲಿ ಕಂಬಿ ಹಿಡಿದ. ಆಮೇಲೆ ಬ್ಯಾಗನ್ನು ಹೆಗಲಿನಿಂದ ಇಳಿಸಿದ.

"ಶೈಲೇಶಣ್ಣ, ಬದಲಿಯವನಿಗೆ ಫೋನ್ ಮಾಡಿ. ನನ್ನ ತಲೆ ಸರಿ ಇಲ್ಲ."

ಇಷ್ಟು ದಿನ ನಾನು ಬಯಸಿದ್ದು ಇದನ್ನೇ. ಕೇಳಿದಾಗ ಮಾತ್ರ ಗೆದ್ದೆ ಅನ್ನಿಸಲಿಲ್ಲ.

"ಎಷ್ಟು ದಿನಕ್ಕೆ ಅಂತ ಹೇಳಲಿ? ಧಣಿಗಳು ಕೇಳ್ತಾರೆ" ಎಂದ ಶೈಲೇಶ.

ರೂಪೇಶ ನನ್ನ ಕಡೆ ನೋಡಿದ. ಡಾಕ್ಟರಿಗೇ ಲೆಕ್ಕ ಸಿಗದ ವಿಷಯ ಅದು.

"ಎರಡೇ ವಾರ" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ದುಬೈಯ ಭಾವನೂ ಇಷ್ಟು ಧೈರ್ಯದಿಂದ ಸುಳ್ಳು ಹೇಳಿರಲಿಕ್ಕಿಲ್ಲ.