ನೂರ ಎಂಬತ್ತು ಎಡತೋಳುಗಳು

ಶಾಲೆಯ ಸಮವಸ್ತ್ರದ ಹೊಣೆ ನನ್ನ ತಲೆಗೆ ಬಿದ್ದ ವರ್ಷ. ತೊಂಬತ್ತು ಮಕ್ಕಳ ಅಂಗಿಯ ಅಳತೆಪಟ್ಟಿಯನ್ನು ಹಿಡಿದು ಬೀದಿಯ ಕೊನೆಯಲ್ಲಿದ್ದ ದರ್ಜಿಯ ಅಂಗಡಿಗೆ ಹೋದೆ. ಆತ ಪಟ್ಟಿಯನ್ನು ತಿರುವಿ ನೋಡಿ, "ಇದನ್ನ ನನ್ನ ತಂಗಿಗೆ ತೋರಿಸ್ಬೇಕು ಮೇಷ್ಟ್ರೇ. ಕತ್ತರಿ ಅವಳ ಕೈಲಿ, ಮಿಷನ್ ಮಾತ್ರ ನನ್ನ ಕಾಲಲ್ಲಿ" ಎಂದು ನಗುತ್ತ ಹಿಂದಿನ ಕೋಣೆಯ ಬಾಗಿಲನ್ನು ಎರಡು ಬೆರಳಿನಿಂದ ತಟ್ಟಿದ.

ಒಂದೇ ಕಿಟಕಿಯ ಕೋಣೆ. ಅದರ ತುಂಬ ಆಳುದ್ದದ ಮೇಜು. ಗೋಡೆಯ ಮೊಳೆಗಳಲ್ಲಿ ತೋಳು, ಬೆನ್ನು, ಕಾಲರುಗಳ ರಟ್ಟಿನ ಅಚ್ಚುಗಳು. ಮೇಜಿನ ಹಿಂದೆ ಇಪ್ಪತ್ತೆರಡರ ಹೆಣ್ಣುಮಗಳು, ಹಣೆಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಪಟ್ಟಿಯನ್ನು ಒಮ್ಮೆ ಓದಿ ತುಸು ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ, ನಾನು ಬರೆದಿದ್ದಕ್ಕಿಂತ ಏಳು ಮೀಟರ್ ಬಟ್ಟೆ ಕಡಿಮೆ ಸಾಕೆಂದಳು. ನಾನೂ ನಮ್ಮ ಗಣಿತದ ಮೇಷ್ಟ್ರೂ ಎರಡು ಸಂಜೆ ಕೂತು ಮಾಡಿದ ಲೆಕ್ಕ ಅದು! ಅವಳು ಹೇಳಿದ್ದೇ ಸರಿಯಾಯಿತು. ಕೊನೆಗೆ ಉಳಿದ ಚೂರುಗಳು ಒಂದು ಚೀಲಕ್ಕೂ ಸಾಲಲಿಲ್ಲ.

ಅಂದಿನಿಂದ ಅಂಗಡಿಯ ಬೆಂಚು ನನ್ನ ಸಂಜೆಯ ಜಾಗವಾಯಿತು. ಹಿಂದಿನ ಕೋಣೆಯ ಬಾಗಿಲು ಮಾತ್ರ ಸದಾ ಮುಚ್ಚಿರುತ್ತಿತ್ತು. ಗುಂಡಿ ಹೊಲಿಯುತ್ತ ಕೂರುತ್ತಿದ್ದ ಅವಳ ಅತ್ತಿಗೆಗೆ ಅದೇ ಕೊರಗು. ಈ ನಾದಿನಿಯನ್ನು ಯಾರಾದರೂ ನೋಡಲು ಬಂದರೆ ಬಾಗಿಲನ್ನೇ ನೋಡಿಕೊಂಡು ಹೋಗಬೇಕು ಎನ್ನುತ್ತಿದ್ದರು. ಗಿರಾಕಿಗಳು ಅವಳಿಗೆ 'ದೊರೆಸಾನಿ' ಎಂದು ಹೆಸರಿಟ್ಟಿದ್ದರು. ಅಣ್ಣನಿಗೆ, ತಂಗಿಯ ಮನಸ್ಸಿಗೆ ಏನೋ ಹತ್ತಿಕೊಂಡಿದೆಯೆಂಬ ಭಯ.

ಒಂಟಿಯಾಗಿ ಕೂರುವವರೆಲ್ಲ ಬುದ್ಧಿವಂತರೆಂದು ನಾನು ಹೇಳಲಾರೆ. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತು ಒಂದೇ ತರಗತಿಯನ್ನು ಮೂರು ವರ್ಷ ಅನುಭವಿಸಿದವರೂ ನನ್ನ ಶಿಷ್ಯರಲ್ಲಿದ್ದಾರೆ. ಆದರೆ ಜಾಣ ಮಕ್ಕಳು ಮೂಲೆ ಹಿಡಿದರೆ ಕೈಹಿಡಿದು ಗುಂಪಿಗೆ ತಂದು ಬಿಡುವುದು ನನ್ನ ಅಭ್ಯಾಸ. ಅದೇ ಔಷಧವನ್ನು ಇಲ್ಲಿಯೂ ಹೇಳಿದೆ: ಮೇಜನ್ನು ಮುಂದಿನ ಕೋಣೆಗೆ ತನ್ನಿ, ನಾಲ್ಕು ಜನರ ನಡುವೆ ಇದ್ದರೆ ಸರಿಹೋಗುತ್ತಾಳೆ.

ಮೇಷ್ಟ್ರ ಮಾತು. ಮರುವರ್ಷ ಬೇಸಿಗೆಯ ರಜೆ ಮುಗಿಯುವ ಮೊದಲೇ ಮೇಜು ಮುಂದಕ್ಕೆ ಬಂತು. ಹಿಂದಿನ ಕೋಣೆಯನ್ನು ಅತ್ತಿಗೆ ಹಳೆಯ ಸಾಮಾನುಗಳಿಂದ ತುಂಬಿದರು. ಅವಳು ಬೇಡವೆನ್ನಲಿಲ್ಲ. ಕತ್ತರಿಯನ್ನು ಒರೆಸಿಕೊಂಡು ಬಂದು ನಿಂತಳು. ಊಟ ಆಯ್ತಾ ಎಂದು ಒಬ್ಬರು, ಇದು ಯಾರ ಅಂಗಿ ಎಂದು ಇನ್ನೊಬ್ಬರು. ಎಲ್ಲರಿಗಿಂತ ಹೆಚ್ಚು ಮಾತಾಡಿಸುತ್ತಿದ್ದವನು ನಾನೇ. ಅವಳು ನಕ್ಕು ಉತ್ತರ ಕೊಡುತ್ತಿದ್ದಳು. ನನ್ನ ಔಷಧ ಹತ್ತಿತೆಂದು ಬೀಗಿದೆ.

ಶಾಲೆ ಶುರುವಾಗಲು ನಾಲ್ಕೇ ದಿನವಿತ್ತು. ಆ ವರ್ಷದ ಬಟ್ಟೆಗೆ ಒಂದು ಮುಖ ಹೊಳಪು, ಇನ್ನೊಂದು ಮಂಕು. ಅಂಥದನ್ನು ಹೊಳಪಿಗೆ ಹೊಳಪು ತಾಗುವಂತೆ ಜೋಡಿಸಿ ಕತ್ತರಿಸಬೇಕು. ಆಗ ಒಂದು ಎಡತೋಳು, ಒಂದು ಬಲತೋಳು ಬರುತ್ತವೆ. ಆ ದಿನ ಅವಳು ಹಾಸಿದ ಪದರಗಳೆಲ್ಲ ಹೊಳಪು ಮುಖ ಮೇಲಾಗಿಯೇ ಬಿದ್ದಿದ್ದವು. ಅಣ್ಣ ಮೊದಲ ಅಂಗಿಗೆ ತೋಳು ಕೂಡಿಸಲು ಹೋಗಿ ಒಂದನ್ನೆತ್ತಿದ, ಇನ್ನೊಂದನ್ನೆತ್ತಿದ, ರಾಶಿಯನ್ನೇ ಕೆದಕಿದ. ನೂರ ಎಂಬತ್ತೂ ಎಡತೋಳು.

ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಜವಳಿ ಮಂಡಿಯಲ್ಲಿ ಆ ಬಟ್ಟೆ ಮುಗಿದಿತ್ತು. ಉಳಿದದ್ದು ನಮ್ಮಲ್ಲೇ ಇದ್ದ ಎರಡು ಮೀಟರ್. ಅಣ್ಣ ಬೆವರೊರೆಸಿಕೊಳ್ಳುತ್ತ, ಇನ್ನು ಹೊರಗಿನಿಂದ ಒಬ್ಬ ಕಟಿಂಗ್ ಮಾಸ್ಟರನ್ನು ತರುವುದೇ ಸರಿ ಎಂದ. ಅವಳ ಮುಖದ ಬಣ್ಣ ಇಳಿದುಹೋಯಿತು. ಹಿಂದಿನ ಕೋಣೆಗೆ ಹೋಗಿ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟಳು. ಎಡತೋಳುಗಳ ರಾಶಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಬಾಗಿಲ ಬಳಿ ನನ್ನತ್ತ ತಿರುಗಿದಳು.

"ಜನ ಬೇಡ ಅಂತಲ್ಲ ಮೇಷ್ಟ್ರೇ. ಕತ್ತರಿ ಇಡೋ ಮುಂಚೆ ಅಂಗಿ ಪೂರ್ತಿ ನನ್ನ ತಲೆಯಲ್ಲಿ ಹೊಲಿದು ನಿಂತಿರುತ್ತೆ. ಯಾರಾದ್ರೂ ಊಟ ಆಯ್ತಾ ಅಂದ್ರೆ, ಆಯ್ತು ಅನ್ನೋಷ್ಟರಲ್ಲಿ ಬಿಚ್ಚಿ ಹೋಗುತ್ತೆ."

ಚಿಲಕ ಬಿತ್ತು. ನಾವು ಬೆಂಚಿನ ಮೇಲೆ ಕಾಯುತ್ತ ಕೂತೆವು. ಒಂದು ಗಂಟೆಯ ಮೇಲೆ ಹೊರಗೆ ಬಂದವಳು ಉಪಾಯ ತಿಳಿಸಿದಳು. ಎಡತೋಳಿನ ಹೆಗಲ ಕಡೆಯ ತಿರುವನ್ನು ಅದಲುಬದಲಾಗಿ ಮತ್ತೆ ಕತ್ತರಿಸಿದರೆ ಅದು ಬಲತೋಳಾಗುತ್ತದೆ, ಆದರೆ ಒಂದು ಅಳತೆ ಚಿಕ್ಕದಾಗುತ್ತದೆ. ದೊಡ್ಡ ಮಕ್ಕಳ ಹೆಚ್ಚುವರಿ ತೋಳುಗಳು ಅವರಿಗಿಂತ ಚಿಕ್ಕವರಿಗೆ, ಅವರವು ಇನ್ನೂ ಚಿಕ್ಕವರಿಗೆ. ಎಲ್ಲರಿಗಿಂತ ದೊಡ್ಡ ಅಳತೆಯ ಹದಿನಾಲ್ಕು ತೋಳಿಗೆ ಮಾತ್ರ ಹೊಸ ಬಟ್ಟೆ ಬೇಕು. ಅದಕ್ಕೆ ಎರಡು ಮೀಟರ್ ಧಾರಾಳ.

ಅಣ್ಣ ಬಹಳ ಹೊತ್ತು ತೋಳುಗಳನ್ನು ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಮೇಜಿನ ಆ ಕಡೆ ಹಿಡೀರಿ" ಎಂದ. ಸಲಹೆ ಕೊಡುವಾಗ ಆ ಮೇಜು ಅಷ್ಟು ಭಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ಶಾಲೆ ಶುರುವಾದ ದಿನ ತೊಂಬತ್ತು ಮಕ್ಕಳೂ ಹೊಸ ಅಂಗಿಯಲ್ಲಿ ಸಾಲಾಗಿ ನಿಂತರು.

ಕಟಿಂಗ್ ಮಾಸ್ಟರ್ ಬರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಆಕೆ ಬೇಡವೆಂದಳು, ಅತ್ತಿಗೆಯೂ ಆಮೇಲೆ ಒತ್ತಾಯಿಸಲಿಲ್ಲ. ಈಗ ಆಕೆಗೆ ಐವತ್ತು ದಾಟಿದೆ, ಕನ್ನಡಕ ಬಂದಿದೆ. ಅಂಗಡಿಯನ್ನು ನೋಡಿಕೊಳ್ಳುವವಳು ಅಣ್ಣನ ಮಗಳು. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಹಿಂದಿನ ಬಾಗಿಲು ಮುಚ್ಚಿರುತ್ತದೆ. ಹನ್ನೆರಡಕ್ಕೆ ತೆರೆಯುತ್ತದೆ, ಆಮೇಲೆ ಆಕೆ ಬೆಂಚಿಗೆ ಬಂದು ಕೂತು, ನನ್ನ ಮಂಡಿನೋವಿನಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನವರೆಗೆ ಎಲ್ಲವನ್ನೂ ವಿಚಾರಿಸುತ್ತಾಳೆ. ಮೊನ್ನೆ ಹನ್ನೊಂದೂವರೆಗೇ ಹೋಗಿದ್ದೆ. "ಅತ್ತೇನ ಕರೀಲಾ ತಾತ?" ಎಂದಳು ಹುಡುಗಿ. ಬೇಡವೆಂದು ಬೆಂಚಿನ ಮೇಲೆ ಕೂತೆ. ಒಳಗೆ ಕತ್ತರಿ ಬಟ್ಟೆಯ ಮೇಲೆ ನಿಧಾನವಾಗಿ ಹೋಗುವ ಸದ್ದು ಕೇಳುತ್ತಿತ್ತು.