ಹೆಣ್ಣು ನೋಡಲು ಹೋದ ನಮ್ಮ ಕಾರು

ಗೆಳೆಯರೇ, ಇದನ್ನು ಹೇಳದೆ ಇರಲಾರದೆ ಸಂಜೆಯೇ ಸೈಬರ್ ಸೆಂಟರಿಗೆ ಬಂದೆ.

ಬೆಳಿಗ್ಗೆ ಪಕ್ಕದ ಮನೆಯ ರಂಗಪ್ಪನವರು ಬಂದು ನಮ್ಮ ಯಜಮಾನರಿಗೆ, "ಮೇಷ್ಟ್ರೇ, ಮಗನಿಗೆ ಎಣ್ಣು ನೋಡಕ್ಕೆ ಕಟ್ಟಾಯಕ್ಕೆ ಓಗ್ಬೇಕು. ಕಾರ್ ಕೀ ಕೊಡಿ. ಪೆಟ್ರೋಲ್ ಐತೆ ತಾನೆ?" ಎಂದರು.

ಹೋದ ಸಲ ಇವರಿಗೆ ಕೊಟ್ಟ ಕಾರು ಬಾಗಿಲು ತರಚಿಸಿಕೊಂಡು ಬಂದಿತ್ತು. ಆದರೂ ಇಲ್ಲ ಎನ್ನಲು ಬಾರದ ನಮ್ಮ ಯಜಮಾನರು ಕೀಗೆ ಕೈ ಹಾಕಿದರು. ನಾನೇ ಮುಂದೆ ಹೋಗಿ ಕೀ ತೆಗೆದುಕೊಂಡೆ.

"ಕೀ ಕೊಡಲ್ಲ ರಂಗಪ್ಪನವರೇ. ಬೇಕಾದ್ರೆ ನಾನೇ ಓಡಿಸ್ಕೊಂಡು ಬರ್ತೀನಿ. ಪೆಟ್ರೋಲ್ ನಿಮ್ದು."

"ನೀವಾ? ಎಂಗಸ್ರು ಓಡಿಸ್ಕೊಂಡು ಓದ್ರೆ ಬೀಗ್ರು ಏನಂದ್ಕತಾರೆ?"

"ಹಾಗಾದ್ರೆ ಬಸ್ಸಿದೆ."

ಕೊನೆಗೆ ರಂಗಪ್ಪನವರು ಮಗನನ್ನೂ ಹೆಂಡತಿಯನ್ನೂ ಹಿಂದೆ ಕೂರಿಸಿ, ತಾವು ಮುಂದೆ ಕೂತು, ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡ್ ಹಿಡಿದುಕೊಂಡೇ ಬಂದರು.

ಕಟ್ಟಾಯದಲ್ಲಿ ಹುಡುಗಿಯ ಅಜ್ಜಿ ಕಾರಿನ ಹತ್ತಿರ ಬಂದು, "ಏನವ್ವಾ, ನೀನೇ ಓಡಿಸ್ಕೊಂಡು ಬಂದ್ಯಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ರಂಗಪ್ಪನವರು ಎದೆಯುಬ್ಬಿಸಿ, "ಊ ಕಣವ್ವಾ, ನಮ್ ಪಕ್ಕದ್ಮನೆ ಮೇಡಮ್ಮು. ನಮ್ ಬೀದೀಲಿ ಎಂಗಸ್ರೂ ಕಾರ್ ಓಡಿಸ್ತಾರೆ!" ಎಂದರು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ನೋಡಿ, "ನಂಗೂ ಕಲಿಸ್ತೀರಾ?" ಎಂದು ಕೇಳಿಯೇಬಿಟ್ಟಳು. ಎಲ್ಲರೂ ನಕ್ಕರು. ಹುಡುಗನಂತೂ ಆಗಲೇ ಒಪ್ಪಿಬಿಟ್ಟಿದ್ದ. ಅವಳೂ ಒಪ್ಪಿದಳು. ಸ್ಟೇರಿಂಗ್ ಹಿಡಿದು ವಾಪಸು ಬರುವಾಗ ನನಗೂ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಊರು ಹತ್ತಿರವಾದಾಗ ರಂಗಪ್ಪನವರು ಮೆಲ್ಲಗೆ, "ಮೇಡಮ್ಮು, ಸೊಸೆಗೆ ಕಲಿಸೋದು ನಿಮ್ ಕಾರಲ್ಲೇ ತಾನೆ?" ಎಂದರು.

ಈ ಸಲ ಇಲ್ಲ ಎನ್ನಲು ನನಗೂ ಬಾಯಿ ಬರಲಿಲ್ಲ.