ಅಪೊಲಿನಾ ಆಂಟಿಯ ಖಾಲಿ ತಾಟು

ಸಾಂಕೋಲೆಯ ಕಾರ್ಖಾನೆ ಕೆಲಸಗಾರರಿಗೆ ಅಖ್ತರಬಾನುವಿನ ಜೋಳದ ರೊಟ್ಟಿ ಗೊತ್ತು, ಅವಳ ಮಾತೂ ಗೊತ್ತು. ರೊಟ್ಟಿ ಮೆತ್ತಗೆ, ಮಾತು ಖಡಕ್. ಸಿಂದಗಿ ಕಡೆಯಿಂದ ಗಂಡ ರಫೀಕನ ಬೆನ್ನು ಹಿಡಿದು ಗೋವೆಗೆ ಬಂದವಳು. ಅವನು ಮುರ್ಮುಗಾಂವ್ ಬಂದರಿನಲ್ಲಿ ಲಾರಿ ಹೊಡೆಯುತ್ತಾನೆ. ಅವಳು ಅಪೊಲಿನಾ ಆಂಟಿಯ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದು ದಿನವಿಡೀ ರೊಟ್ಟಿ ಬಡಿಯುತ್ತಾಳೆ.

ಬಂದ ವರ್ಷವೇ ಕ್ರಿಸ್ಮಸ್ಸಿಗೆ ಆಂಟಿ ನೀಲಿ ಹೂವಿನ ಪಿಂಗಾಣಿ ತಾಟಿನ ತುಂಬ ತಿಂಡಿ ಹಾಕಿ, ಮೇಲೆ ಕಸೂತಿ ಬಟ್ಟೆ ಹೊದಿಸಿ ತಂದುಕೊಟ್ಟಳು. ರಫೀಕ ದೂರದಿಂದಲೇ ಮೂಸಿ, “ಇದರಾಗ ದಾರೂ ಹಾಕಿರ್ತಾರ, ಮುಟ್ಟಬ್ಯಾಡ,” ಎಂದ. ಅಖ್ತರಬಾನು ತಾಟನ್ನು ಹಿತ್ತಲ ಕೋಳಿಗಳಿಗೆ ಸುರಿಯಲು ಒಯ್ದಳು. ಆ ಕೋಳಿಗಳೂ ಆಂಟಿಯವೇ, ನೋಡಿ! ಸುರಿಯುವ ಮುನ್ನ ಒಂದು ಅರ್ಧಚಂದ್ರದ ತಿಂಡಿ ಕೈಯಲ್ಲಿ ಮುರಿಯಿತು. ಒಳಗೆ ಕೊಬ್ಬರಿ, ಬೆಲ್ಲ, ಏಲಕ್ಕಿ. ಅಂಚು ಮಡಿಸಿದ ರೀತಿಯೂ ಅದೇ.

“ಯಾ ಅಲ್ಲಾ! ಇದು ನಮ್ಮವ್ವ ಮಾಡೂ ಕರ್ಚಿಕಾಯಿ ಅಲ್ಲೇನು!”

ಆಂಟಿಗೆ ಇದನ್ನು ಹೇಳಿದಾಗ ಆಕೆ ಹೊಟ್ಟೆ ಹಿಡಿದು ನಕ್ಕಳು. ಗೋವೆಯಲ್ಲಿ ಅದಕ್ಕೆ ನೆವರಿ ಎನ್ನುತ್ತಾರೆ. ಚೌತಿಗೆ ಗಣಪತಿಯ ಮುಂದಿಡುವ ತಿಂಡಿ. ಪೋರ್ತುಗೀಜರ ಕಾಲದಲ್ಲಿ ಮತ ಬದಲಿಸಿದವರು ಗಣಪತಿಯನ್ನು ಬಿಟ್ಟರೂ ನೆವರಿಯನ್ನು ಬಿಡಲಿಲ್ಲವಂತೆ, ಕ್ರಿಸ್ಮಸ್ಸಿನ ತಾಟಿಗೆ ತಂದು ಕೂಡಿಸಿದರಂತೆ. “ದೇವರು ಬದಲಾಗ್ತಾನ, ನಾಲಿಗಿ ಬದಲಾಗ್ತೈತೇನು?” ಎಂದು ಆಂಟಿ ಹರಕು ಹಿಂದಿಯಲ್ಲಿ ಹೇಳಿದ್ದನ್ನು ಅಖ್ತರಬಾನು ಇವತ್ತಿಗೂ ತನ್ನ ಕನ್ನಡದಲ್ಲಿ ರೊಟ್ಟಿ ಗಿರಾಕಿಗಳಿಗೆ ಒಪ್ಪಿಸುತ್ತಾಳೆ.

ಅಂದಿನಿಂದ ಕ್ರಿಸ್ಮಸ್ಸಿಗೆ ಆ ತಾಟು ಬರುವುದು, ರಂಜಾನಿಗೆ ಅದೇ ತಾಟಿನಲ್ಲಿ ಹಾಲು-ಶಾವಿಗೆಯ ಸುರಕುಂಬಾದ ಬಟ್ಟಲು ಕೂತು ಹೋಗುವುದು ರೂಢಿಯಾಯಿತು. ಖಾಲಿ ತಾಟು ಯಾವ ಕಡೆಯಿಂದಲೂ ಹೋದದ್ದಿಲ್ಲ. ಆಂಟಿ ಬಾನುವಿನಿಂದ ಅರೆಬರೆ ಕನ್ನಡ ಕಲಿತಳು, ಬಾನು ಆಂಟಿಯಿಂದ ಕೊಂಕಣಿ ಕಲಿತಳು.

ಈ ಸಲ ಮಳೆಗಾಲದ ಕೊನೆಗೆ ಆಂಟಿಯ ಗಂಡ ಇನಾಸ್ ತೀರಿಕೊಂಡ. ಮಕ್ಕಳಿಲ್ಲದ ಮನೆ. ಕ್ರಿಸ್ಮಸ್ ಹತ್ತಿರ ಬಂದು ವಾಡೆಯ, ಅಂದರೆ ಆ ಕೇರಿಯ, ಮನೆಮನೆಗೂ ನಕ್ಷತ್ರದೀಪ ಏರಿತು, ಆಂಟಿಯ ಮನೆಗೆ ಏರಲಿಲ್ಲ. ಕರ್ಚಿಕಾಯಿ ಮಾಡಿ ಒಯ್ಯೋಣವೆಂದು ಅಖ್ತರಬಾನು ಕೊಬ್ಬರಿ ತುರಿದಿಟ್ಟಳು. ಅಷ್ಟರಲ್ಲಿ ತಾಯಿ ರಹಿಮತಬಿ ಊರಿನಿಂದ ಫೋನಿನಲ್ಲಿ ಗದರಿದಳು: “ಖೋಡಿ, ಸತ್ತ ಮನಿಗೆ ವರ್ಷ ತುಂಬೂತನಾ ಸಿಹಿ ಒಯ್ತಾರೇನ? ಅವರ ದುಃಖದಾಗ ನೀ ಹಬ್ಬಾ ಮಾಡಿದಂಗ ಆಕ್ಕೈತಿ. ಸುಮ್ನ ಕುಂದ್ರು.”

ತಾಯಿಯ ಮಾತು ಮೀರಿದವಳಲ್ಲ. ಕರಿದ ವಾಸನೆ ಆಂಟಿಯ ಮೂಗಿಗೆ ಬಡಿಯಬಾರದೆಂದು ಕಡಾಯಿಯನ್ನೇ ಒಲೆಗೇರಿಸಲಿಲ್ಲ.

ಹಬ್ಬದ ದಿನ ಆಂಟಿ ಕಪ್ಪು ಅಂಗಿ ತೊಟ್ಟು ಹಿಂಬಾಗಿಲ ಕಟ್ಟೆಯ ಮೇಲೆ, ಖೋಲಿಯ ಕಡೆ ಮುಖ ಮಾಡಿ ಕೂತಿದ್ದಳು. ವಾಡೆಯ ಹೆಂಗಸರು ಒಬ್ಬೊಬ್ಬರಾಗಿ ಅವಳಿಗೆ ತಾಟು ತಂದುಕೊಟ್ಟು ಹೋಗುತ್ತಿದ್ದರು. ಅಖ್ತರಬಾನುವಿಗೆ ಮೈಯೆಲ್ಲ ಉರಿಯಿತು. ಇವರಿಗೇನು ನಾಚಿಕೆ ಇಲ್ಲವೇ, ಆ ಮನುಷ್ಯ ಮಣ್ಣಿಗೆ ಹೋಗಿ ಇನ್ನೂ ನಾಕು ತಿಂಗಳಾಗಿಲ್ಲ! ಆಂಟಿಯ ಕಣ್ಣು ಕೂಡಿದರೆ ಅಳು ಬರುತ್ತದೆಂದು ಮುಖ ತಿರುಗಿಸಿ ರೊಟ್ಟಿ ಬಡಿದಳು. ಸ್ವಲ್ಪ ಹೊತ್ತಿಗೆ ಆಂಟಿ ಎದ್ದು ಧಡಾರನೆ ಬಾಗಿಲು ಹಾಕಿಕೊಂಡಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಹೊತ್ತು ಮುಳುಗುವ ಮುಂಚೆ ಆಂಟಿಯೇ ಖೋಲಿಯ ಮುಂದೆ ಬಂದು ನಿಂತಳು. ಕೈಯಲ್ಲಿ ನೀಲಿ ಹೂವಿನ ತಾಟು. ಖಾಲಿ.

“ಎಲ್ಲಾರ ತಾಟೂ ಬಂದೂವು, ನಿಂದು ಬರಲಿಲ್ಲ,” ಎಂದಳು. “ಇನಾಸ್ ಹೋದ ಕೂಡಲೆ ನಾ ನಿನಗ ಯಾರೂ ಅಲ್ಲೇನು?”

ಅಖ್ತರಬಾನು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಆಂಟೀ, ನಿಮ್ಮ ದುಃಖದಾಗ ಸಿಹಿ ಹೆಂಗ ತರ್ಲಿ ಅಂತ ನಾ ಎಣ್ಣೀನ ಕಾಸಿಲ್ಲರಿ. ತರಬಾರದು ಅಂದ್ಲು ನಮ್ಮವ್ವ.”

ಆಂಟಿ ಹೊಸ್ತಿಲ ಮೇಲೆ ಕೂತುಬಿಟ್ಟಳು, ತಮ್ಮ ಪದ್ಧತಿ ಬಿಡಿಸಿ ಹೇಳಿದಳು. ಸತ್ತ ಮನೆಯಲ್ಲಿ ಹಬ್ಬದ ತಿಂಡಿ ಮಾಡುವುದಿಲ್ಲ, ಅದಕ್ಕೇ ನೆರೆಯವರ ತಾಟು ಆ ಮನೆಗೆ ಮೊದಲು ಹೋಗಬೇಕು. ಆಕೆಯ ಅಜ್ಜಿ ಹೇಳುತ್ತಿದ್ದ ಪ್ರಕಾರ ತಾಟು ಕೊಡುವ ಪದ್ಧತಿ ಹುಟ್ಟಿದ್ದೇ ಸಂತೋಷಕ್ಕಲ್ಲ, ಸಮಾಧಾನಕ್ಕೆ. “ನಗೋರ ಮನಿಗೆ ಒಯ್ಯೂದು ಆಮ್ಯಾಲ ಶುರುವಾತು,” ಎಂದಳು. ವರ್ಷ ವರ್ಷವೂ ತಾಟು ಇಸಿದುಕೊಂಡ ಅಖ್ತರಬಾನುವಿಗೆ ಇದು ಗೊತ್ತೇ ಇರಲಿಲ್ಲ, ಏಕೆಂದರೆ ಇನಾಸ್ ತೀರುವವರೆಗೆ ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಈಗ ಕರಿಯುತ್ತ ಕೂತರೆ ಹೊತ್ತಾಗುತ್ತಿತ್ತು. ಹಂಚಿನಿಂದ ಬಿಸಿ ರೊಟ್ಟಿ ತೆಗೆದಳು, ಬೆಲ್ಲ, ತುಪ್ಪ, ತುರಿದಿಟ್ಟ ಕೊಬ್ಬರಿ ಕೂಡಿಸಿ ಹಿಚುಕಿದಳು, ಮುಷ್ಟಿಯಲ್ಲಿ ಒತ್ತಿ ಒತ್ತಿ ಬೆಲ್ಲದ ಮುಟಗಿ ಕಟ್ಟಿದಳು. ಅಂಗೈ ಸುಟ್ಟದ್ದು ಗೊತ್ತಾಗಲಿಲ್ಲ. ತಾಟು ತುಂಬಿತು. ಕಸೂತಿ ಬಟ್ಟೆ ಎಲ್ಲಿಂದ ತರಬೇಕು? ಒಗೆದು ಮಡಿಸಿಟ್ಟ ತನ್ನ ಓಢಣಿಯನ್ನೇ ಹೊದಿಸಿದಳು.

“ತಿನ್ರಿ ಆಂಟಿ, ನಮ್ಮ ಮನಿ ತಿಂಡಿ.”

ಆಂಟಿ ಒಂದನ್ನು ಅಲ್ಲೇ ತಿಂದಳು, ತಿನ್ನುತ್ತ ಅತ್ತಳು. ಅಖ್ತರಬಾನುವೂ ಅತ್ತಳು. ಆಮೇಲೆ ಆಂಟಿ ಕಣ್ಣೊರೆಸಿಕೊಂಡು ತಾಟು ಎತ್ತಿಕೊಂಡಳು. ಅವಳ ಹಿಂಬಾಗಿಲು ಎದುರಿಗೇ ಇತ್ತು. ಆಕೆ ಆ ಕಡೆ ಹೋಗಲಿಲ್ಲ. ರಸ್ತೆ ಬಳಸಿ, ವಾಡೆಯವರ ಮನೆಗಳ ಮುಂದೆಯೇ ಹಾದು, ತನ್ನ ಮುಂಬಾಗಿಲಿಗೆ ಹೋದಳು. ಯಾರ ತಾಟು ಇದು ಎಂದು ದಾರಿಯಲ್ಲಿ ಯಾರೋ ಕೇಳಿದ್ದು ಖೋಲಿಯವರೆಗೆ ಕೇಳಿಸಿತು.

“ನಮ್ಮ ಬಾನುಂದು,” ಎಂದಳು ಆಂಟಿ.